ಮಾಳದ ಕಪ್ಪೆಯ ಮೇಲಿನ ಅಣಬೆ: ಅಂಗಲಕ್ಷಣಗಳಿಂದ ಪ್ರಭೇದವನ್ನು ನಿರ್ಣಯಿಸುವ ಬಗೆ

ಉಡುಪಿ ಜಿಲ್ಲೆಯ ಕಾರ್ಕಳದ ಕಡೆ, ಕುದುರೆಮುಖ ಪರ್ವತಶ್ರೇಣಿಯ ಬುಡದಲ್ಲಿ, ಮಾಳ ಎಂಬ ಊರಿದೆ. 2023ನೆಯ ಇಸವಿಯ ಜೂನ್ 19ರಂದು ಕೆಲವರು ಪ್ರಕೃತಿವೀಕ್ಷಕರು ಅಲ್ಲಿ ರಸ್ತೆಯ ಬದಿಯ ಮಳೆನೀರಿನ ಹೊಂಡವೊಂದರ ಬಳಿ ಕಪ್ಪೆಗಳನ್ನು ನೋಡುತ್ತಿದ್ದರು. ಬಂಗಾರಬೆನ್ನಿನ ಕಪ್ಪೆಗಳು ಸುಮಾರು ನಲವತ್ತು ಅಲ್ಲಿದ್ದುವು. ಅವುಗಳ ಪೈಕಿ ಕಡ್ಡಿಯೊಂದರ ಮೇಲೆ ಕುಳಿತಿದ್ದ ಒಂದರ ಎಡಪಕ್ಕೆಯಿಂದ ಪುಟ್ಟ ಅಣಬೆಯೊಂದು ಮೂಡಿ ನಿಂತಿರುವುದು ಅವರ ಕಣ್ಣಿಗೆ ಬಿದ್ದಿತು. ಕಪ್ಪೆ ಸಜೀವವಾಗಿತ್ತು. ನೋಡಿದವರು ಛಾಯಾಚಿತ್ರಗಳನ್ನು ತೆಗೆದುಕೊಂಡರು. ಕಪ್ಪೆಯನ್ನು ಹಿಡಿದು ತರಲಿಲ್ಲ. ಆ ಚಿತ್ರಗಳನ್ನು ಅಂತರಜಾಲದಲ್ಲಿ ಕಂಡ ಅಣಬೆತಜ್ಞರು ಅದು ಮೈಸೀನ ಜಾತಿಗೆ ಸೇರಿದ್ದೆಂದು ಅಭಿಪ್ರಾಯಪಟ್ಟರು. 2024ರ ಆರಂಭದಲ್ಲಿ ಸರೀಸೃಪಗಳನ್ನೂ ಉಭಯಚರಗಳನ್ನೂ ಕುರಿತ ಒಂದು ವಿದೇಶೀ ಶಾಸ್ತ್ರಪತ್ರಿಕೆಯಲ್ಲಿ ಈ ವಿಷಯ ಪ್ರಕಟವಾಗಿ, ದಿನಪತ್ರಿಕೆಗಳ ಮೂಲಕ ಲೋಕಕ್ಕೆಲ್ಲ ತಿಳಿಯಿತು. ಸಜೀವವಾದ ಕಪ್ಪೆಯ ಮೈಮೇಲೆ ಅಣಬೆ ಮೂಡಿದುದನ್ನು ಅದಕ್ಕೆ ಮೊದಲು ಯಾರೂ ವರದಿ ಮಾಡಿರಲಿಲ್ಲ.

ಈ ಸುದ್ದಿಯ ವಿಚಿತ್ರಾಂಶವನ್ನು ಎಲ್ಲರೂ ಬಣ್ಣಿಸಿದರು. ಪ್ರಕೃತ ಲೇಖಕನ ಗಮನವನ್ನು ಸೆಳೆದುದು ಬೇರೊಂದು ಅಂಶ. ಕಪ್ಪೆಗೆ ಎರಡು ಪದಗಳ ಪೂರ್ಣನಾಮವನ್ನು ಕೊಟ್ಟ ಆ ವರದಿ, ಅಣಬೆಗೆ ಮಾತ್ರ ಒಂದೇ ಪದವನ್ನು ಕೊಟ್ಟು ನಿಂತುಬಿಟ್ಟಿತು. ಸಸ್ಯಪ್ರಾಣಿಗಳಿಗೆ ಶಾಸ್ತ್ರಜ್ಞರು ಇಡುವ ಹೆಸರಿನಲ್ಲಿ ಮೊದಲನೆಯ ಪದ ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುವುದೆಂಬುದು ವಾಚಕರಿಗೆ ತಿಳಿದೇ ಇದೆ. ಮೈಸೀನ ಎಂಬುದು ಜಾತಿಯ ಹೆಸರು; ಪ್ರಭೇದದ ಸ್ಥಾನ ಬರಿದಾಗಿ ಉಳಿಯಿತು. ಹೀಗೇಕಾಯಿತು? ಒಂದು ಕಾಡಣಬೆಯನ್ನು ಅದರ ಅಂಗಲಕ್ಷಣಗಳನ್ನು ನೋಡಿ ಇಂಥದೇ ಎಂದು ಹೇಳಬೇಕಾದರೆ ಏನೇನನ್ನು ನೋಡಬೇಕು, ಎಷ್ಟು ನೋಡಿದರೆ ಎಷ್ಟು ಹೇಳಬಹುದು? ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ದೆಹಲಿಯಲ್ಲಿ ನೆಲಸಿರುವ ನಮ್ಮವರಿಗೂ ಇದಕ್ಕೂ ಒಂದು ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅಣಬೆಯ ಸ್ವರೂಪವನ್ನು ಕುರಿತು ಎರಡು ಮಾತು. ನಾವು ಅಣಬೆಯೆಂದು ಕಿತ್ತು ತರುವುದು ಆ ಜೀವಿಯ ಪೂರ್ಣದೇಹವಲ್ಲ. ನೆಲದೊಳಗೋ ಮರದೊಳಗೋ ತರಗೆಲೆಯ ಕೆಳಗೋ ಹರಡಿಕೊಂಡಿರುವ ಸೂಕ್ಷ್ಮವಾದ ನೂಲಿನ ಜಾಲವೇ ಅದರ ನಿಜವಾದ ಶರೀರ. ಬೀಜಕಗಳನ್ನು ಪ್ರಸಾರಮಾಡುವ ಕಾಲ ಬಂದಾಗ ಆ ಜಾಲವು ಹೊರಗೆ ಚಾಚುವ ಫಲವೇ ಅಣಬೆ. ಮಾವಿನ ಮರವನ್ನು ಎಲೆ, ತೊಗಟೆ, ಹೂ, ಕಾಯಿ ಎಲ್ಲದರಿಂದಲೂ ಗುರುತಿಸಬಹುದು. ಅಣಬೆಯಲ್ಲಿಯಾದರೋ ಜಾಲವು ಎಲ್ಲ ಪ್ರಭೇದಗಳಲ್ಲಿಯೂ ಹೆಚ್ಚುಕಡಮೆ ಒಂದೇ ರೀತಿಯ ಬಿಳಿಯ ನೂಲು. ಗುರುತಿಸಲು ಉಳಿಯುವುದು ಎರಡು ಮೂರು ದಿನ ಬಾಳುವ ಫಲವೊಂದೇ. ಅದೂ ಬೆಳಗಿನಿಂದ ಸಂಜೆಗೆ ರೂಪವನ್ನೂ ಬಣ್ಣವನ್ನೂ ಬದಲಾಯಿಸುವಂಥದು.

ನಮ್ಮ ಜನ ಇಟ್ಟ ಹೆಸರುಗಳು ಈ ಕೆಲಸದಲ್ಲಿ ನೆರವಾಗುವುದು ಸ್ವಲ್ಪಮಟ್ಟಿಗೆ ಮಾತ್ರ. ಕನ್ನಡದಲ್ಲಿ ಅಣಬೆ, ತುಳುವಿನಲ್ಲಿ ಅಲಂಬು. ಹುತ್ತದಲ್ಲಿ ಏಳುವುದು ಹುತ್ತದಣಬೆ. ಗುಂಡಗೆ ಗಟ್ಟಿಯಾಗಿ ಕಲ್ಲಿನಂತೆ ಮಣ್ಣಿನಲ್ಲಿ ಹುದುಗಿರುವುದು ಕಲ್ಲಣಬೆ, ಕಲ್ಲಲಂಬು. ತಿನ್ನಲಾಗದುದಕ್ಕೆಲ್ಲ ನಾಯಿಕೊಡೆಯೆಂಬ ಒಂದೇ ಹೆಸರು. ನಾಯಿತುಳಸಿ, ನಾಯಿಸಾಸಿವೆಗಳಲ್ಲಿರುವಂತೆ ಇಲ್ಲಿಯೂ ನಾಯಿ ಎಂಬ ಪೂರ್ವಪದವು ‘ನಿಜವಾದುದಲ್ಲ, ಉಪಯೋಗಕ್ಕೆ ಬಾರದು’ ಎಂಬರ್ಥವನ್ನೇ ಕೊಡುವುದು. ಈ ವಿಭಾಗವು ಅಡುಗೆಮನೆಯ ವಿಭಾಗ. ಸಂಸ್ಕೃತದ ಶಿಲೀಂಧ್ರಶಬ್ದದ ಗತಿಯೂ ಇದಕ್ಕಿಂತ ಉತ್ತಮವಾಗಿಲ್ಲ. ಮೇಘದೂತದಲ್ಲಿ ಮೋಡದ ಗರ್ಜನೆಯಿಂದ ಭೂಮಿಯಲ್ಲಿ ಶಿಲೀಂಧ್ರಗಳು ಮೂಡುವುವೆಂದು ಕಾಳಿದಾಸನು ಹೇಳುತ್ತಾನೆ. ಗುಡುಗಿಗೆ ಅಣಬೆ ಏಳುವುದೆಂದು ಇಂದಿಗೂ ನಂಬುವ ಮಲೆನಾಡಿನವನಿಗೆ ಇದರ ಅರ್ಥ ಸ್ವಯಂಸ್ಪಷ್ಟ. ಆದರೆ ಮಲ್ಲಿನಾಥನು ಅಲ್ಲಿ ಶಿಲೀಂಧ್ರವೆಂದರೆ ಕಂದಲಿಯೆಂಬ ಗಿಡವೆಂದು ವ್ಯಾಖ್ಯಾನ ಮಾಡಿದ್ದಾನೆ. ಲಕ್ಷಣವನ್ನು ಹೇಳದೆ ಹೆಸರನ್ನಷ್ಟೇ ಉಳಿಸಿಹೋದರೆ ಮುಂದೆ ಬರುವವರು ಹೀಗೆ ವಿವಾದಕ್ಕೆ ಬೀಳಬೇಕಾಗುತ್ತದೆ. ನನ್ನ ಒಲವು ಮಲೆನಾಡಿನವನ ಕಡೆಗೇ ಇದೆಯೆಂದು ಒಪ್ಪಿಕೊಳ್ಳುತ್ತೇನೆ.

ಇನ್ನು ದೆಹಲಿಯ ಸಂಗತಿ. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಮಳೆ ಹಿಡಿದೊಡನೆ ಇಲ್ಲಿಯ ಉದ್ಯಾನಗಳಲ್ಲಿಯೂ ವಸತಿಸಮುಚ್ಚಯಗಳ ಹುಲ್ಲುಹಾಸುಗಳಲ್ಲಿಯೂ ಅಂಗೈಯಗಲದ, ಕೆಲವು ವೇಳೆ ಊಟದ ತಟ್ಟೆಯಗಲದ, ಬಿಳಿಯ ಕೊಡೆಗಳು ಏಳುವುದನ್ನು ಎಲ್ಲರೂ ನೋಡಿರುತ್ತಾರೆ. ಅನೇಕ ವೇಳೆ ಅವು ವೃತ್ತಾಕಾರವಾಗಿ ಸಾಲುಗಟ್ಟಿ ನಿಲ್ಲುವುವು. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯಲ್ಲಿದ್ದ ಕನ್ನಡ ಕುಟುಂಬವೊಂದು ಇವನ್ನು ಕಂಡು ಹಿಗ್ಗಿ, ಊರಿನಲ್ಲಿ ತಾಯಿಯವರು ಮಾಡುತ್ತಿದ್ದಂತೆಯೇ ತೆಂಗಿನಕಾಯಿ ಅರೆದು ಪಲ್ಯ ಮಾಡಿ ಉಂಡಿತು. ನನ್ನನ್ನೂ ಊಟಕ್ಕೆ ಕರೆದಿದ್ದರು; ಲೆಕ್ಕಪರಿಶೋಧನೆಯ ಕಾಲವಾದ್ದರಿಂದ ಹೋಗಲಾಗಲಿಲ್ಲ. ಎರಡು ಗಂಟೆ ಕಳೆಯುವುದರೊಳಗೆ ಮನೆಯ ನಾಲ್ವರೂ ವಾಂತಿಭೇದಿಗಳಿಂದ ನೆಲಹಿಡಿದರು. ಆ ರಾತ್ರಿಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಅವರೊಡನೆ ಕಳೆದೆ. ಚಿಕ್ಕ ಮಗು ಎರಡು ದಿನ ಕಣ್ಣುಬಿಡಲಿಲ್ಲ. ಎಲ್ಲರೂ ಗುಣಮುಖರಾದರೆನ್ನುವುದು ಭಾಗ್ಯ. ಮನೆಯೊಡತಿ ಹೇಳಿದ ಒಂದು ಮಾತು ಮಾತ್ರ ನನ್ನನ್ನು ಬಿಟ್ಟುಹೋಗಿಲ್ಲ: “ನಾನು ಹುಟ್ಟಿದಾಗಿನಿಂದ ನೋಡಿದ ಅಣಬೆ, ನನಗೆ ಗೊತ್ತಾಗದೆ?” ಈ ವಿಷಯವನ್ನು ಕುರಿತು ಓದಲು ತೊಡಗಿದುದು ಅಂದಿನಿಂದ.

ಆಕೆ ಊರಿನಲ್ಲಿ ನೋಡಿದ್ದು ಹುತ್ತದಣಬೆ. ಟರ್ಮಿಟೋಮೈಸಿಸ್ ಎಂಬುದು ಅದರ ಜಾತಿಯ ಹೆಸರು. 1942ರಲ್ಲಿ ರೋಜರ್ ಹೈಮ್ ಎಂಬ ಫ್ರೆಂಚ್ ವಿದ್ವಾಂಸರು ಇಟ್ಟದ್ದು. ಅವರ ಗೌರವಾರ್ಥವಾಗಿ ನಟರಾಜನ್ ಅವರು 1979ರಲ್ಲಿ ದಕ್ಷಿಣಭಾರತದ ಒಂದು ಪ್ರಭೇದಕ್ಕೆ ಹೈಮಿಯೈ ಎಂದು ಹೆಸರಿಟ್ಟರು. ಗೆದ್ದಲುಗಳು ತಮ್ಮ ಗೂಡಿನೊಳಗೆ ಈ ಶಿಲೀಂಧ್ರವನ್ನು ಬೆಳೆ ಬೆಳೆಯುವಂತೆ ಬೆಳೆಸಿಕೊಂಡಿರುವುವು. ಮಳೆಗಾಲದಲ್ಲಿ ಅದು ಆ ಆಳದಿಂದ ಮಣ್ಣನ್ನು ಭೇದಿಸಿಕೊಂಡು ಮೇಲಕ್ಕೆ ಬರುವುದು. ದೆಹಲಿಯ ಹುಲ್ಲುಹಾಸಿನದು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್. 1818ರಲ್ಲಿ ಮೇಯರ್ ಎಂಬವರು ದಕ್ಷಿಣ ಅಮೆರಿಕದ ಗಯಾನದಿಂದ ಮೊದಲು ವರ್ಣಿಸಿದ ಈ ಪ್ರಭೇದವು ಉಷ್ಣದೇಶಗಳ ಹುಲ್ಲುಹಾಸುಗಳಲ್ಲೆಲ್ಲ ಸಾಮಾನ್ಯ. ಮೇಲಿನಿಂದ ನೋಡಿದರೆ ಎರಡೂ ಬಿಳಿಯ ಕೊಡೆಗಳೇ. ಹಾಗಾದರೆ ಬೇರ್ಪಡಿಸುವುದು ಹೇಗೆ?

ಟೋಪಿಯನ್ನು ನೋಡೋಣ. ಹುತ್ತದಣಬೆಯ ಟೋಪಿಯ ನಡುವೆ ಗಟ್ಟಿಯಾದ ಮೊನೆಯೊಂದಿರುವುದು. ಮಣ್ಣನ್ನು ಸೀಳಿಕೊಂಡು ಬರುವುದಕ್ಕೆ ಅದೇ ಆಯುಧ. ಹುಲ್ಲುಹಾಸಿನ ಅಣಬೆಯ ನಡುವೆ ಮೊನೆಯ ಬದಲು ಕಂದುಬಣ್ಣದ ಹಕ್ಕಳೆಗಳು, ನಡುವಿನಲ್ಲಿ ಒತ್ತಾಗಿ, ಅಂಚಿಗೆ ಬಂದಂತೆ ವಿರಳವಾಗಿ, ಚೆದರಿರುವುವು. ಬಿರುಮಳೆ ಬಂದರೆ ಈ ಹಕ್ಕಳೆಗಳು ತೊಳೆದುಹೋಗುವುದೂ ಉಂಟು. ಆದುದರಿಂದ ಅವು ಇಲ್ಲವೆಂಬ ಕಾರಣದಿಂದ ಏನನ್ನೂ ತೀರ್ಮಾನಿಸಲಾಗದು. ಕಾಲಿನಲ್ಲಿ ಉಂಗುರವಿದೆಯೇ ಎಂಬುದು ಎರಡನೆಯ ಪ್ರಶ್ನೆ. ಎಳೆಯ ಅಣಬೆಯ ಟೋಪಿಯ ಅಂಚನ್ನು ಕಾಲಿಗೆ ಬಿಗಿದಿದ್ದ ತೆಳುಪೊರೆಯು ಟೋಪಿ ಅರಳಿದಾಗ ಹರಿದು ಕಾಲಿನ ಮೇಲೆ ಉಳಿಯುವುದೇ ಉಂಗುರ. ಹುಲ್ಲುಹಾಸಿನ ಅಣಬೆಯಲ್ಲಿ ಅದು ಬಳೆಯಂತೆ ಮೇಲಕ್ಕೂ ಕೆಳಕ್ಕೂ ಸರಿಯುವುದು. ಹುತ್ತದಣಬೆಗಳಲ್ಲಿ ಹಲವಕ್ಕೆ ಉಂಗುರವಿಲ್ಲ. ಆದರೆ ಮೇಲೆ ಹೇಳಿದ ಹೈಮಿಯೈ ಪ್ರಭೇದಕ್ಕೆ ಉಂಟು. ಹೀಗಾಗಿ ಉಂಗುರವೊಂದನ್ನೇ ನಂಬಿದವನೂ ಮೋಸಹೋಗುವನು. ಬುಡಕ್ಕೆ ಬಂದರೆ ವ್ಯತ್ಯಾಸ ನಿಚ್ಚಳವಾಗುವುದು. ಹುತ್ತದಣಬೆಯ ಕಾಲು ನೆಲದ ಮಟ್ಟದಲ್ಲಿ ಮುಗಿಯದೆ ಬೇರಿನಂತೆ ಸಪೂರವಾಗುತ್ತ ಗೆದ್ದಲಗೂಡಿನವರೆಗೆ ಇಳಿದಿರುವುದು. ಹುಲ್ಲುಹಾಸಿನದು ನೆಲದಲ್ಲಿಯೇ ತುಸು ಉಬ್ಬಿ ಮುಗಿದುಹೋಗುವುದು. ಆದರೆ ಅಣಬೆಯನ್ನು ಕೀಳುವವರು ಸಾಮಾನ್ಯವಾಗಿ ಮಾಡುವುದೇನು? ಮಣ್ಣಾಗಬಾರದೆಂದು ಕಾಲನ್ನು ನಡುವೆ ಮುರಿದು ಬುಡವನ್ನು ನೆಲದಲ್ಲಿಯೇ ಬಿಡುತ್ತಾರೆ. ನಿರ್ಣಾಯಕವಾದ ಸಾಕ್ಷಿ ಅಲ್ಲಿಯೇ ಉಳಿದುಹೋಗುವುದು. ಅಮಾನಿಟ ಎಂಬ ಜಾತಿಯ ಘೋರವಿಷದ ಅಣಬೆಗಳ ಬುಡದಲ್ಲಿರುವ ಚೀಲದಂಥ ಕೋಶವು ತಿಳಿಯದೆ ಹೋಗುವುದೂ ಈ ಅಭ್ಯಾಸದಿಂದಲೇ. ಹುಲ್ಲುಹಾಸಿನ ಅಣಬೆಯ ವಿಷ ಒಂದರಿಂದ ಮೂರು ಗಂಟೆಯೊಳಗೆ ಪ್ರಕಟವಾಗಿ ಬಹುಮಟ್ಟಿಗೆ ಇಳಿದುಹೋಗುವುದು. ಅಮಾನಿಟದ ಕೆಲವು ಪ್ರಭೇದಗಳ ವಿಷವೋ ಆರು ಗಂಟೆಗೂ ಮಿಕ್ಕು ಸುಮ್ಮನಿದ್ದು, ಬಳಿಕ ಕಾಣಿಸಿಕೊಂಡು, ನಡುವೆ ಗುಣವಾದಂತೆ ತೋರಿಸಿ, ಅಷ್ಟರೊಳಗೆ ಯಕೃತ್ತನ್ನು ಹಾಳುಮಾಡಿರುವುದು. ಬೆಳ್ಳಿಯ ಚಮಚ ಕಪ್ಪಾದರೆ ವಿಷ, ಹುಳು ತಿಂದಿದ್ದರೆ ನಿರ್ವಿಷ ಎಂಬ ಪರೀಕ್ಷೆಗಳಿಗೆ ಯಾವ ಆಧಾರವೂ ಇಲ್ಲ. ಅಮಾನಿಟವನ್ನು ಹುಳುಗಳು ತಿನ್ನುತ್ತವೆ.

ಎಲ್ಲಕ್ಕಿಂತ ಹೆಚ್ಚಿನ ಸಾಕ್ಷ್ಯವಿರುವುದು ಟೋಪಿಯ ಕೆಳಭಾಗದಲ್ಲಿ. ಅಲ್ಲಿ ಸುತ್ತಲೂ ಜೋಡಿಸಿಟ್ಟಂತಿರುವ ತೆಳುಹಾಳೆಗಳನ್ನು, ಮೀನಿನ ಕಿವಿರನ್ನು ಹೋಲುವುದರಿಂದ, ಕಿವಿರುಗಳೆಂದೇ ಕರೆಯುತ್ತಾರೆ. ಬೀಜಕಗಳು ಹುಟ್ಟುವುದು ಈ ಹಾಳೆಗಳ ಮೇಲೆ. ಒಂದೊಂದು ಬೀಜಕವೂ ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದರೂ ಲಕ್ಷಾಂತರವಾಗಿ ಒಟ್ಟಾದಾಗ ಅವುಗಳ ಬಣ್ಣ ಕಾಣುವುದು. ಟೋಪಿಯನ್ನು ಕಾಲಿನಿಂದ ಬೇರ್ಪಡಿಸಿ, ಕಿವಿರುಗಳು ಕೆಳಮುಖವಾಗುವಂತೆ ಕಾಗದದ ಮೇಲಿಟ್ಟು, ಗಾಳಿಯಾಡದಂತೆ ಲೋಟವನ್ನು ಕವುಚಿ ಒಂದು ರಾತ್ರಿ ಬಿಟ್ಟರೆ, ಬೆಳಗ್ಗೆ ಕಾಗದದ ಮೇಲೆ ಕಿರಣಗಳಂತೆ ಹರಡಿದ ಒಂದು ಮುದ್ರೆ ಬಿದ್ದಿರುತ್ತದೆ. ಇದನ್ನು ಬೀಜಕಮುದ್ರೆಯೆನ್ನೋಣ. ಟೋಪಿಯ ಬಣ್ಣ ಬಿಸಿಲು ಮಳೆಗಳಿಂದ ಮಾಸುವುದು. ಬೀಜಕದ ಬಣ್ಣ ಪ್ರಭೇದಕ್ಕೆ ಬಹುಮಟ್ಟಿಗೆ ಸ್ಥಿರವಾದುದು. ಪೇಟೆಯಲ್ಲಿ ಮಾರುವ ಗುಂಡಿಯಣಬೆಯ ಮುದ್ರೆ ಗಾಢವಾದ ಕಂದು. ಹುತ್ತದಣಬೆಯದು ನಸುಗೆಂಪು. ಅಮಾನಿಟದ್ದು ಬಿಳಿ. ಹುಲ್ಲುಹಾಸಿನ ಅಣಬೆಯದೋ ಮಂಕಾದ ಹಸಿರು. ಅಣಬೆಗಳಲ್ಲಿ ಹಸಿರು ಮುದ್ರೆ ಅತಿ ವಿರಳವಾದ್ದರಿಂದ ಇದೊಂದನ್ನು ಕಂಡರೆ ಹೆಚ್ಚು ಸಂಶಯಕ್ಕೆ ಎಡೆಯಿಲ್ಲ. ಮರುವರ್ಷ ಅದೇ ಹುಲ್ಲುಹಾಸಿನಿಂದ ತಂದ ಟೋಪಿಯಿಂದ ನಾನೇ ಈ ಮುದ್ರೆಯನ್ನು ತೆಗೆದೆ. ಕೆಟ್ಟ ತಾಮ್ರದ ಪಾತ್ರೆಯ ಕಿಲುಬಿನ ಬಣ್ಣವದು.

ಇಲ್ಲಿ ಒಂದು ತೊಡಕುಂಟು. ಈ ಅಣಬೆ ಎಳೆಯದಾಗಿದ್ದಾಗ ಕಿವಿರುಗಳು ಬೆಳ್ಳಗಿರುವುವು; ಬೀಜಕಗಳು ಬಲಿತ ಮೇಲೆಯೇ ಹಸಿರು ತೋರುವುದು. ಅಡುಗೆಗೆ ಆಯುವವರು ಎಳೆಯದನ್ನೇ ಆಯುವರು. ವಿದ್ವಾಂಸರೂ ಇದರಲ್ಲಿ ಎಡವಿದ್ದಾರೆ. 1898ರಲ್ಲಿ ಕ್ಯೂ ಸಸ್ಯೋದ್ಯಾನದ ಜಾರ್ಜ್ ಮ್ಯಾಸೀ ಅವರು ಇದೇ ಅಣಬೆಗೆ ಹೊಸದಾಗಿ ಕ್ಲೋರೋಫಿಲ್ಲಮ್ ಎಸ್ಕ್ಯುಲೆಂಟಮ್ ಎಂದು ಹೆಸರಿಟ್ಟರು. ಎಸ್ಕ್ಯುಲೆಂಟಮ್ ಎಂದರೆ ತಿನ್ನತಕ್ಕದ್ದು! ಹೆಸರಿನ ಮೊದಲರ್ಧ ಹಸಿರು ಕಿವಿರೆಂಬ ನಿಜವನ್ನೂ ಉತ್ತರಾರ್ಧ ಅಪಾಯಕರವಾದ ತಪ್ಪನ್ನೂ ಹೊತ್ತಿತು. ಈಗ ಆ ಉತ್ತರಾರ್ಧವು ಮೊಲಿಬ್ಡೈಟಿಸ್ ಎಂಬ ಹಳೆಯ ಹೆಸರಿನ ಕೆಳಗೆ ಪರ್ಯಾಯವಾಗಿ ಮಾತ್ರ ಉಳಿದಿದೆ. ಇನ್ನೊಂದು ಎಚ್ಚರಿಕೆ: ನಸುಗೆಂಪು ಮುದ್ರೆ ಬಂದಿತೆಂದು ಹುತ್ತದಣಬೆಯೆಂದು ಬಗೆಯಬಾರದು, ಎಂಟೋಲೋಮ ಎಂಬ ಜಾತಿಯ ಮುದ್ರೆಯೂ ಅದೇ ಬಣ್ಣದ್ದು, ಅದರಲ್ಲಿ ವಿಷದವು ಇವೆ. ಮೊನೆ, ಬೇರಿನಂಥ ಕಾಲು, ಹುತ್ತದ ನೆಲೆ, ಮುದ್ರೆಯ ಬಣ್ಣ ಇವೆಲ್ಲವೂ ಕೂಡಿದಾಗಲೇ ನಿರ್ಣಯ. ಒಂದು ಲಕ್ಷಣವು ಒಂದು ಹೆಸರನ್ನು ತಳ್ಳಿಹಾಕಬಲ್ಲುದು. ಒಂದು ಲಕ್ಷಣದಿಂದ ಹೆಸರನ್ನು ಸ್ಥಾಪಿಸುವುದು ಬಹಳ ಅಪರೂಪ.

ಈ ಸಲಕರಣೆಗಳೊಡನೆ ಮಾಳದ ಕಪ್ಪೆಯ ಬಳಿಗೆ ಹಿಂದಿರುಗೋಣ. ಮೈಸೀನ ಜಾತಿಯವು ಕೆಲವೇ ಸೆಂಟಿಮೀಟರು ಎತ್ತರದ ಪುಟ್ಟ ಅಣಬೆಗಳು. ಟೋಪಿ ಗಂಟೆಯಾಕಾರದ್ದು ಅಥವಾ ಶಂಕುವಿನಾಕಾರದ್ದು. ಒದ್ದೆಯಾದಾಗ ಅದರ ಮೂಲಕ ಕಿವಿರಿನ ಗೆರೆಗಳು ಹೊರಗೆ ಕಾಣುವಷ್ಟು ತೆಳುವಾದುದು. ಕಾಲು ನೂಲಿನಂತೆ ಸಪೂರ, ಟೊಳ್ಳು, ಮುಟ್ಟಿದರೆ ಮುರಿಯುವಂಥದು. ಉಂಗುರವಿಲ್ಲ, ಚೀಲವಿಲ್ಲ. ಬೀಜಕಮುದ್ರೆ ಬಿಳಿ. ಲೋಕದಲ್ಲಿ ಇದರ ಪ್ರಭೇದಗಳು ಐನೂರಕ್ಕೂ ಮೇಲ್ಪಟ್ಟಿವೆ. ಅವುಗಳನ್ನು ಒಂದರಿಂದೊಂದು ಬೇರ್ಪಡಿಸುವ ಲಕ್ಷಣಗಳು ಎಂಥವೆಂಬುದನ್ನು ಗಮನಿಸಬೇಕು. ಕಾಲನ್ನು ಮುರಿದರೆ ಕೆಲವರಲ್ಲಿ ರಕ್ತವರ್ಣದ ರಸ ಒಸರುವುದು, ಕೆಲವರಲ್ಲಿ ಹಾಲು, ಬಹುಪಾಲಿನಲ್ಲಿ ಏನೂ ಇಲ್ಲ. ಕೆಲವಕ್ಕೆ ಚಲುವೆಪುಡಿಯ ಘಾಟು, ಕೆಲವಕ್ಕೆ ಮೂಲಂಗಿಯ ವಾಸನೆ. ಕೆಲವುಗಳ ಕಿವಿರಿನ ಅಂಚಿಗೆ ಮಾತ್ರ ಬೇರೆ ಬಣ್ಣದ ಗೆರೆಯೆಳೆದಂತಿರುವುದು. ಹಲವರಲ್ಲಿ ಬೀಜಕಗಳು ಅಯೋಡಿನ್ ದ್ರವದಲ್ಲಿ ನೀಲಗಪ್ಪಾಗುವುವು. ಕಿವಿರಿನ ಅಂಚಿನಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ವಿಶಿಷ್ಟ ಕೋಶಗಳಿರುವುವು. ಅವುಗಳ ಆಕಾರವೇ ಕಡೆಯ ತೀರ್ಪು. ಇವುಗಳಲ್ಲಿ ಒಂದಾದರೂ ಛಾಯಾಚಿತ್ರದಲ್ಲಿ ದೊರೆಯುವಂಥದಲ್ಲ. ಮುರಿಯಬೇಕು, ಮೂಸಬೇಕು, ಕತ್ತರಿಸಬೇಕು, ಬಣ್ಣ ಹಾಕಬೇಕು.

ಇಷ್ಟೇ ಅಲ್ಲ. ಕಟ್ಟುನಿಟ್ಟಾಗಿ ಹೇಳುವುದಾದರೆ ಮೈಸೀನವೆಂಬ ಜಾತಿನಾಮವೂ ಅಲ್ಲಿ ನಿಶ್ಚಿತವಲ್ಲ, ಸಂಭಾವ್ಯ. ಮರಾಸ್ಮಿಯಸ್ ಎಂಬ ಜಾತಿಯವೂ ಹೀಗೆಯೇ ಪುಟ್ಟ ಟೋಪಿಯವು, ಸಪೂರ ಕಾಲಿನವು, ಬಿಳಿಯ ಮುದ್ರೆಯವು. ಆದರೆ ಅವುಗಳ ಕಾಲು ಮುರಿಯದೆ ಬಾಗುವುದು, ಒಣಗಿ ಮುದುಡಿದವು ನೀರು ತಗಲಿದೊಡನೆ ಮತ್ತೆ ಅರಳುವುವು. ಬೆರಳಿಗೆ ತಿಳಿಯುವ ಈ ಭೇದ ಕಣ್ಣಿಗೆ ತಿಳಿಯದು. ಅನುಭವಿಯಾದ ತಜ್ಞನು ಒಟ್ಟು ಚಹರೆಯಿಂದಲೇ ಜಾತಿಯನ್ನು ಊಹಿಸಬಲ್ಲನೆಂಬುದು ನಿಜ, ಹಲವು ವೇಳೆ ಆ ಊಹೆ ಸರಿಯಾಗಿಯೂ ಇರುವುದು. ಆದರೂ ಪತ್ರಿಕೆಗಳು ಅದನ್ನು ಪರೀಕ್ಷೆಯ ಫಲವೆಂಬಂತೆ ಬರೆದುದು ಸರಿಯಲ್ಲ.

ಅಣಬೆ ಎಲ್ಲಿ ಬೆಳೆದಿದೆ ಎಂಬುದೂ ಒಂದು ಲಕ್ಷಣವೇ. ಈ ಕಾರಣದಿಂದಲೇ ಮಾಳದ ಸಂಗತಿಗೆ ಹೆಚ್ಚಿನ ತೂಕ. ಮೈಸೀನವು ಸತ್ತ ಮರ, ಕೊಳೆತ ಎಲೆಗಳಿಂದ ಜೀವಿಸುವುದೆಂದೇ ಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದುವು. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಅದು ಸಜೀವ ಸಸ್ಯಗಳ ಬೇರುಗಳೊಳಗೂ ಪ್ರವೇಶಿಸಬಲ್ಲುದೆಂದು ತೋರಿಸಿದರು. ಸಸ್ಯದಿಂದ ಪ್ರಾಣಿಗೆ ಇನ್ನೊಂದು ಹೆಜ್ಜೆಯೇ? ಅಥವಾ ತೇವವಾದ ಚರ್ಮಕ್ಕೆ ಅಂಟಿಕೊಂಡ ಕಸದ ತುಣುಕೊಂದರಲ್ಲಿ ಬೀಜಕ ಮೊಳೆತು, ಕಪ್ಪೆ ಕೇವಲ ವಾಹನವಾಗಿತ್ತೇ? ನೂಲು ಚರ್ಮದೊಳಕ್ಕೆ ಇಳಿದಿತ್ತೋ ಇಲ್ಲವೋ ಎಂಬುದನ್ನು ನೋಡಿದ್ದರೆ ಉತ್ತರ ದೊರೆಯುತ್ತಿತ್ತು. 1999ರಲ್ಲಿ ಹೆಸರು ಪಡೆದ ಮತ್ತೊಂದು ಶಿಲೀಂಧ್ರ ಲೋಕದ ಅನೇಕ ಕಡೆ ಕಪ್ಪೆಗಳ ಸಂತತಿಯನ್ನೇ ಅಳಿಸಿದೆ. ಅದು ಕೊಡೆಯನ್ನು ಬಿಡುವ ಬಗೆಯದಲ್ಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಕಪ್ಪೆಯ ಚರ್ಮ, ಶಿಲೀಂಧ್ರ ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ತಿಳಿದವರು ಕಳವಳಗೊಳ್ಳುವುದು ಅದರಿಂದಾಗಿ.

ಕಾಸರಗೋಡಿನ ರಾಣಿಪುರದ ಕಾಡಿನಲ್ಲಿ 2024ರಲ್ಲಿ ವರದಿಯಾದ ಫೈಲೋಬೊಲೀಟಸ್ ಮ್ಯಾನಿಪ್ಯುಲಾರಿಸ್ ಎಂಬ ಅಣಬೆಯನ್ನು ಇದರೊಡನೆ ಹೋಲಿಸಬಹುದು. ಇದು ಮೈಸೀನದ ಸಮೀಪಬಂಧು; ಕೆಲವು ವಿದ್ವಾಂಸರು ಮೈಸೀನದಲ್ಲಿಯೇ ಸೇರಿಸುವರು. ಕತ್ತಲೆಯಲ್ಲಿ ಹಸಿರು ಬೆಳಕನ್ನು ಸೂಸುವುದೆಂದು ಪ್ರಸಿದ್ಧಿ. ಬೆಳಕು ಸೂಸುವ ಅಣಬೆಗಳು ಹಲವಿರುವುದರಿಂದ ಅದೊಂದೇ ಗುರುತಾಗದು. ಟೋಪಿಯ ಕೆಳಗೆ ಕಿವಿರುಗಳ ಬದಲು ಜೇನುಹುಟ್ಟಿಯಂತೆ ರಂಧ್ರಗಳಿರುವುದೇ ಅದರ ನಿಜವಾದ ಗುರುತು. ತಿರುಗಿಸಿ ನೋಡಿದವನಿಗೆ ಹಗಲಿನಲ್ಲಿಯೂ ತಿಳಿಯುವಂಥದು.

ಈ ಲೇಖಕನ ಜೀವನೋಪಾಯ ಬ್ಯಾಂಕಿನದು. ಚೆಕ್ಕಿನ ಮೇಲಿನ ಸಹಿಯನ್ನು ನೋಡಿ ಹಣ ಕೊಡುವವನಿಗೆ ಒಂದು ವಿಷಯ ಬೇಗ ಮನದಟ್ಟಾಗುತ್ತದೆ: ಸಹಿ ‘ಸರಿಯಾಗಿ ಕಾಣುವುದು’ ಎಂಬುದಕ್ಕೆ ಸ್ವತಂತ್ರವಾದ ಅರ್ಥವಿಲ್ಲ. ಖಾತೆ ತೆರೆದ ದಿನ ಕೊಟ್ಟ ಮಾದರಿ ಸಹಿಯೊಡನೆ ಹೋಲಿಸಿದಾಗಲೇ ಅದು ಸರಿ ಅಥವಾ ತಪ್ಪು. ಮಾದರಿಯ ಕಾರ್ಡು ಕಳೆದುಹೋದರೆ ಎಷ್ಟು ವರ್ಷದ ಪರಿಚಯವಿದ್ದರೂ ನಿರುಪಯೋಗ. ಜೀವಶಾಸ್ತ್ರದ ನಾಮಕರಣವೂ ಇದೇ ತತ್ತ್ವದ ಮೇಲೆ ನಿಂತಿದೆ. ಪ್ರಭೇದಕ್ಕೆ ಮೊದಲು ಹೆಸರಿಟ್ಟವನು ಯಾವ ವಸ್ತುವನ್ನು ನೋಡಿ ಇಟ್ಟನೋ ಆ ಮಾದರಿಯನ್ನು ಸಂಗ್ರಹಾಲಯದಲ್ಲಿಡಬೇಕು; ಸಂಶಯ ಬಂದಾಗ ಅದರೊಡನೆ ಹೋಲಿಸಬೇಕು.

ಅಂಥ ಸಂಗ್ರಹವೊಂದು ದೆಹಲಿಯಲ್ಲಿಯೇ ಇದೆ. ಬಿಹಾರದ ಪೂಸಾದಲ್ಲಿ 1905ರಲ್ಲಿ ಬಟ್ಲರ್ ಅವರು ಆರಂಭಿಸಿದ ಶಿಲೀಂಧ್ರಗಳ ಸಂಗ್ರಹವು, 1934ರ ಭೂಕಂಪದಲ್ಲಿ ಅಲ್ಲಿಯ ಕಟ್ಟಡ ಕುಸಿದ ಬಳಿಕ, ಸಂಸ್ಥೆಯೊಡನೆ 1936ರಲ್ಲಿ ದೆಹಲಿಗೆ ಬಂದಿತು. ನಾವೆಲ್ಲರೂ ಪೂಸಾ ಎಂದು ಕರೆಯುವ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಈಗ ಐವತ್ತು ಸಾವಿರಕ್ಕೂ ಹೆಚ್ಚು ಮಾದರಿಗಳು ಒಣಗಿಸಿದ ಸ್ಥಿತಿಯಲ್ಲಿ ಇವೆ. ಬಿ. ಬಿ. ಮುಂಡ್ಕೂರರು ದುಡಿದುದು ಅಲ್ಲಿಯೇ. 1947ರಲ್ಲಿ ಭಾರತೀಯ ಸಸ್ಯರೋಗಶಾಸ್ತ್ರ ಸಂಘವನ್ನು ಸ್ಥಾಪಿಸಿದವರೂ ಅವರೇ. ಮುಂಡ್ಕೂರು ಎಂಬುದು ಕಾರ್ಕಳ ಸೀಮೆಯ ಊರಿನ ಹೆಸರು, ಮಾಳದಿಂದ ಬಹಳ ದೂರವಲ್ಲ. ಅವರೂ ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್ಯರೂ ಕೂಡಿ ಬರೆದ ಕಾಡಿಗೆರೋಗದ ಶಿಲೀಂಧ್ರಗಳ ಗ್ರಂಥ 1952ರಲ್ಲಿ ಹೊರಬಿದ್ದಿತು. ಅದು ಅಣಬೆಗಳ ಗ್ರಂಥವಲ್ಲ, ಆದರೆ ಮಾದರಿಯನ್ನು ಕೈಯಲ್ಲಿ ಹಿಡಿಯದೆ ಹೆಸರಿಡುವವರ ಸಂಪ್ರದಾಯ ಅವರದಾಗಿರಲಿಲ್ಲ.

ಮಾದರಿ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಮಾಳದ ಆ ಕಪ್ಪೆಯೇ ಸಾಕ್ಷಿ. ಅದರ ಹೆಸರು ಹೈಲರಾನ ಇಂಟರ್ಮೀಡಿಯ. ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು, 1932ರಲ್ಲಿ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ದಕ್ಷಿಣಭಾರತದ ಅನೇಕ ಹೊಸ ಕಪ್ಪೆಗಳನ್ನು ವರ್ಣಿಸಿದರು. ಆದರೆ ಕಾಲೇಜಿನಲ್ಲಿ ಇಟ್ಟಿದ್ದ ಅವರ ಮಾದರಿಗಳು ಮುಂದೆ ಕಳೆದುಹೋದುವು. ಮಾದರಿಯಿಲ್ಲದ ಹೆಸರುಗಳಲ್ಲಿ ಹಲವನ್ನು ಅನಂತರದ ವಿದ್ವಾಂಸರು ಬೇರೆ ಪ್ರಭೇದಗಳೊಳಗೆ ಅಡಗಿಸಿಬಿಟ್ಟರು. ಬಂಗಾರಬೆನ್ನಿನ ಕಪ್ಪೆಗಳು ಹೊರನೋಟಕ್ಕೆ ಒಂದನ್ನೊಂದು ಅಷ್ಟರಮಟ್ಟಿಗೆ ಹೋಲುತ್ತವೆ. 2014ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಎಸ್. ಡಿ. ಬಿಜು ಅವರೂ ಸಂಗಡಿಗರೂ ಪಶ್ಚಿಮಘಟ್ಟಗಳಿಂದಲೂ ಸಿಂಹಳದಿಂದಲೂ ಹೊಸದಾಗಿ ಸಂಗ್ರಹಿಸಿ, ಅಂಗಲಕ್ಷಣಗಳೊಡನೆ ಆನುವಂಶಿಕ ದ್ರವ್ಯವನ್ನೂ ಹೋಲಿಸಿ, ಏಳು ಹೊಸ ಪ್ರಭೇದಗಳನ್ನು ಗುರುತಿಸಿದುದಲ್ಲದೆ ರಾಯರ ಹಳೆಯ ಹೆಸರನ್ನೂ ಮತ್ತೆ ಊರ್ಜಿತಗೊಳಿಸಿದರು. ಬೆಂಗಳೂರಿನವರಿಟ್ಟ ಹೆಸರು ದೆಹಲಿಯಲ್ಲಿ ಎಪ್ಪತ್ತೇಳು ವರ್ಷಗಳ ಮೇಲೆ ಮರುಜೀವ ಪಡೆದುದರಿಂದಲೇ 2024ರ ವರದಿ ಆ ಕಪ್ಪೆಗೆ ಪೂರ್ಣನಾಮವನ್ನು ಕೊಡಲು ಸಾಧ್ಯವಾಯಿತು.

ಹಾಗಾದರೆ ಮಾಳದಲ್ಲಿ ನೋಡಿದವರು ಕಪ್ಪೆಯನ್ನು ಹಿಡಿದು ತರಬೇಕಾಗಿತ್ತೇ? ಹಾಗೆಂದು ಅವರನ್ನು ಟೀಕಿಸಿದವರುಂಟು. ನಾನು ಆ ಟೀಕೆಯನ್ನು ಪೂರ್ತಿಯಾಗಿ ಒಪ್ಪಲಾರೆ. ಕಪ್ಪೆ ನೋಡಲು ಹೋದವರ ಕೈಯಲ್ಲಿ ಅಣಬೆಯ ಪರೀಕ್ಷೆಗೆ ಬೇಕಾದ ಸಲಕರಣೆಯಿರುವುದಿಲ್ಲ. ಸಜೀವ ಪ್ರಾಣಿಯನ್ನು ಕೊಂಡೊಯ್ಯುವುದಕ್ಕೆ ಅನುಮತಿಯೂ ಬೇಕು. ಅಣಬೆಯನ್ನು ಮಾತ್ರ ಚಿವುಟಿ ತರಬಹುದಾಗಿತ್ತೆಂದು ಮನೆಯಲ್ಲಿ ಕುಳಿತು ಹೇಳುವುದು ಸುಲಭ. ಚಿತ್ರ ಕೊಟ್ಟಷ್ಟನ್ನೇ ಹೇಳಿ ಒಂದು ಪದಕ್ಕೆ ನಿಂತರಲ್ಲ, ಆ ಸಂಯಮವೇ ಆ ಪುಟ್ಟ ವರದಿಯಲ್ಲಿ ನನಗೆ ಹಿಡಿಸಿದ ಗುಣ.

ರಜೆಯಲ್ಲಿ ಊರಿಗೆ ಹೋಗುವ ನಮ್ಮ ಸದಸ್ಯರಲ್ಲಿ ಯಾರಾದರೂ ಅಪರೂಪದ ಅಣಬೆಯನ್ನು ಕಂಡರೆ ಮಾಡಬೇಕಾದುದು ಇಷ್ಟು. ಇದ್ದ ಜಾಗದಲ್ಲಿಯೇ ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಚಿತ್ರ ತೆಗೆಯಬೇಕು. ಅಳತೆಗಾಗಿ ನಾಣ್ಯವೊಂದನ್ನು ಬಳಿಯಲ್ಲಿಡಬಹುದು. ಯಾವ ಮರದ ಕೆಳಗೆ, ಎಂಥ ಮಣ್ಣಿನಲ್ಲಿ ಎಂದು ಬರೆದುಕೊಳ್ಳಬೇಕು. ಚಾಕುವಿನಿಂದ ಸುತ್ತಲಿನ ಮಣ್ಣನ್ನು ಸಡಿಲಿಸಿ ಬುಡಸಮೇತ ಎತ್ತಬೇಕು. ಮುಟ್ಟುವುದರಿಂದ ವಿಷವೇರುವುದಿಲ್ಲ, ಬಾಯಿಗೆ ಮಾತ್ರ ಹಾಕಬಾರದು. ಮೂಸಿ ನೋಡಿ, ಕಾಲನ್ನು ಮುರಿದು, ರಸವನ್ನೂ ಬಣ್ಣ ಬದಲಾಗುವುದನ್ನೂ ಅಲ್ಲಿಯೇ ಗುರುತುಹಾಕಬೇಕು. ಈ ಲಕ್ಷಣಗಳು ಗಂಟೆಯೊಳಗೆ ಅಳಿಯುವಂಥವು. ಪ್ಲಾಸ್ಟಿಕ್ಕಿನಲ್ಲಿ ಕೊಳೆಯುವುದರಿಂದ ಕಾಗದದಲ್ಲಿ ಸುತ್ತಿ ತರಬೇಕು. ರಾತ್ರಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಟೋಪಿಯನ್ನಿಟ್ಟು ಲೋಟ ಕವುಚಬೇಕು; ಬಿಳಿಯ ಮುದ್ರೆ ಬಿಳಿಯ ಕಾಗದದ ಮೇಲೆ ಕಾಣಿಸದು. ಉಳಿದುದನ್ನು ಹದವಾದ ಬಿಸಿಯಲ್ಲಿ ಗರಿಗರಿಯಾಗಿ ಒಣಗಿಸಿ, ಊರು, ದಿನ, ಹೆಸರು ಬರೆದ ಚೀಟಿಯೊಡನೆ ಲಕೋಟೆಯಲ್ಲಿಟ್ಟರೆ ಅದು ವರ್ಷಗಟ್ಟಲೆ ಉಳಿಯುವುದು. ನನ್ನಲ್ಲಿರುವ ಆ ಹಸಿರು ಮುದ್ರೆಯ ಕಾಗದವನ್ನು ನೋಡಬಯಸುವವರು ಸಂಘದ ವಾಚನಾಲಯದಲ್ಲಿ ಕೇಳಿ ನೋಡಬಹುದು.